ಬಂಪರಿನ ಅಡಿಯ ರಬ್ಬರ್ ಪಟ್ಟಿ: ಕೀಳುವ ಮೊದಲು

ಮಾನ್ಯ ಸಂಪಾದಕರೇ,

ಕಾರಿನ ಮುಂದಿನ ಬಂಪರಿನ ಅಡಿಯಲ್ಲಿ ಜೋತುಬಿದ್ದಂತೆ ಕಾಣುವ ಕಪ್ಪು ರಬ್ಬರ್ ಪಟ್ಟಿಯು ಯಾವ ಕೆಲಸಕ್ಕೂ ಬಾರದ ಅಲಂಕಾರವೆಂದೂ, ಪ್ರತಿಯೊಂದು ಹಂಪ್ಸ್‌ಗೂ ಉಜ್ಜಿ ಸದ್ದು ಮಾಡುತ್ತಿದ್ದ ಅದನ್ನು ಕೀಳಿಸಿದ ಮೇಲೆ ತಮಗೆ ನೆಮ್ಮದಿಯಾಯಿತೆಂದೂ, ಉಳಿದವರೂ ಹಾಗೆಯೇ ಮಾಡಬಹುದೆಂದೂ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಇತ್ತೀಚೆಗೆ ಮಹನೀಯರೊಬ್ಬರು ಬರೆದಿದ್ದರು. ಅವರ ಅಸಮಾಧಾನ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನನ್ನ ಕಾರಿನ ಅದೇ ಪಟ್ಟಿ ಕಳೆದ ಬೇಸಿಗೆಯಲ್ಲಿ ಹಳ್ಳಿಯೊಂದರ ಪ್ರವೇಶದಲ್ಲಿದ್ದ ಹಂಪ್ಸ್‌ಗೆ ಸಿಕ್ಕಿ ಅರ್ಧ ಹರಿದು, ಊರು ತಲುಪುವವರೆಗೂ ರಸ್ತೆಯನ್ನು ಗುಡಿಸುತ್ತ ಬಂದಿತ್ತು. ಆದರೆ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಪಾಲಿಟೆಕ್ನಿಕ್ ಒಂದರಲ್ಲಿ ಮೂರು ದಶಕ ಆಟೊಮೊಬೈಲ್ ವಿಭಾಗದ ಹುಡುಗರಿಗೆ ಪಾಠ ಹೇಳಿದವನಾಗಿ, ಈ ವಿಷಯದಲ್ಲಿ ನನಗೆ ತಿಳಿದಿರುವಷ್ಟನ್ನು ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ನನ್ನ ಕಾರನ್ನು ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಹುಡುಗ ಕೆಳಗೆ ಬಗ್ಗಿ ನೋಡಿ, "ಸರ್, ಇದು ಬರೇ ಶೋಕ್ಕೆ ಕೊಟ್ಟಿರ್ತಾರ್ರಿ, ಕಿತ್ತು ಹಾಕಿಬಿಡ್ರಿ" ಎಂದು, ನಾನು ಬೇಡವೆನ್ನುವಷ್ಟರಲ್ಲಿಯೇ ಉಳಿದರ್ಧವನ್ನೂ ಎಳೆದು ಕೈಗೆ ಕೊಟ್ಟನು. ಅವನನ್ನು ದೂರುವುದಿಲ್ಲ. ಅವನಿಗೆ ಕಲಿಸಿದವರು ಹೇಳಿದ್ದನ್ನೇ ಅವನೂ ಹೇಳಿದ. ಕಾರಿನೊಂದಿಗೆ ಬಂದ ಕೈಪಿಡಿಯ ಮುನ್ನೂರಕ್ಕೂ ಹೆಚ್ಚು ಪುಟಗಳಲ್ಲಿ ಹಾಡು ಕೇಳುವ ಪೆಟ್ಟಿಗೆಗೆ ಮೊಬೈಲ್ ಜೋಡಿಸುವ ಬಗೆಗೆ ಹನ್ನೆರಡು ಪುಟಗಳಿವೆ. ಈ ಪಟ್ಟಿಯ ಬಗೆಗೆ ಒಂದು ಸಾಲೂ ಇಲ್ಲ. ಹೀಗಿರುವಾಗ ಅದು ಅಲಂಕಾರವೆಂದು ಜನ ಭಾವಿಸುವುದರಲ್ಲಿ ಆಶ್ಚರ್ಯವೇನಿದೆ?

ಮೊದಲು ಯಾವುದರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ಸ್ಪಷ್ಟವಾಗಬೇಕು, ಏಕೆಂದರೆ ಗ್ಯಾರೇಜುಗಳಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ನಡೆಯುತ್ತಿದೆ. ಬಂಪರಿನ ಕೆಳ ಅಂಚಿನುದ್ದಕ್ಕೂ ಅಡ್ಡಲಾಗಿ ಇಳಿಬಿದ್ದಿರುವ ಪಟ್ಟಿ ಒಂದು. ಇದನ್ನು ಏರ್ ಡ್ಯಾಮ್ ಎನ್ನುತ್ತಾರೆ, ಗಾಳಿಗೆ ಕಟ್ಟಿದ ಒಡ್ಡು ಎಂದೇ ಅರ್ಥ. ಮುಂದಿನ ಎರಡೂ ಟೈರುಗಳ ಎದುರಿಗೆ ಅಂಗೈ ಅಗಲದ ಚಿಕ್ಕ ತುಂಡುಗಳಿರುತ್ತವೆ, ಅವು ಟೈರಿಗೆ ಬಡಿಯುವ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವ ಡಿಫ್ಲೆಕ್ಟರುಗಳು. ಎಂಜಿನ್ನಿನ ಅಡಿಗೆ ಮುಚ್ಚಳದಂತೆ ಕೂಡುವ ಪ್ಲಾಸ್ಟಿಕ್ ಹಾಳೆ, ಅಂದರೆ ಅಂಡರ್ ಕವರ್, ಮೂರನೆಯದು. ಇವು ಮೂರೂ ಕಾರ್ಖಾನೆಯಿಂದಲೇ ಬರುವಂಥವು. ನಾಲ್ಕನೆಯದು ಅಲಂಕಾರದ ಅಂಗಡಿಗಳಲ್ಲಿ ಸಿಗುವ, ಹೊಳೆಯುವ ಬಣ್ಣದ ಗಟ್ಟಿ ಫೈಬರ್ ಲಿಪ್. ಇದನ್ನು ಹಾಕಿಸಿಕೊಂಡವರು ಅದು ಶೋಕ್ಕೆ ಎಂದು ಹೇಳಿದರೆ ನನ್ನ ತಕರಾರಿಲ್ಲ, ನಿಜಕ್ಕೂ ಅದು ಶೋಕ್ಕೇ ಇರುವುದು. ಕಾರ್ಖಾನೆಯ ಪಟ್ಟಿಯನ್ನು ಗುರುತಿಸುವುದು ಸುಲಭ: ಅದು ಕಪ್ಪಗೆ, ನೋಡಲು ಏನೂ ಅಂದವಿಲ್ಲದೆ, ಕೈಯಿಂದ ಒತ್ತಿದರೆ ಬಾಗುವಷ್ಟು ಮೆತ್ತಗಿರುತ್ತದೆ. ಅಲಂಕಾರಕ್ಕೆಂದು ಮಾಡುವ ವಸ್ತುವನ್ನು ಯಾರೂ ಇಷ್ಟು ಕುರೂಪವಾಗಿ ಮಾಡಿ, ಬಗ್ಗಿ ನೋಡದೆ ಕಾಣದಂತಹ ಜಾಗದಲ್ಲಿ ಕೂರಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಗಾಳಿಗೆ ಎದುರಾಗಿ ಒಂದು ಹಲಗೆ ನಿಲ್ಲಿಸಿದರೆ ಗಾಳಿಯ ಪ್ರತಿರೋಧ ಹೆಚ್ಚಬೇಕಲ್ಲದೆ ಕಡಿಮೆಯಾಗುವುದು ಹೇಗೆ ಎಂದು ತರಗತಿಯಲ್ಲಿ ಪ್ರತಿವರ್ಷ ಒಬ್ಬನಾದರೂ ಕೇಳುತ್ತಿದ್ದ, ಮತ್ತು ಕೇಳುವವನು ಸಾಮಾನ್ಯವಾಗಿ ಒಳ್ಳೆಯ ವಿದ್ಯಾರ್ಥಿಯೇ ಆಗಿರುತ್ತಿದ್ದ. ಉತ್ತರ ಕಾರಿನ ಹೊಟ್ಟೆಯ ಕೆಳಗಿದೆ. ಕಾರಿನ ಮೇಲ್ಮೈ ಎಷ್ಟು ನುಣುಪಾಗಿದೆಯೋ ಅಡಿಭಾಗ ಅಷ್ಟೇ ಒರಟು. ಸಸ್ಪೆನ್ಶನ್ನಿನ ತೋಳುಗಳು, ಅಡ್ಡ ತೊಲೆಗಳು, ಸೈಲೆನ್ಸರಿನ ಕೊಳವೆ, ಪೆಟ್ರೋಲ್ ಟ್ಯಾಂಕು, ಹಿಂದಿನ ಆಕ್ಸಲ್, ಇವೆಲ್ಲ ಒಂದರ ಹಿಂದೊಂದು ತಲೆಯೆತ್ತಿ ನಿಂತಿರುತ್ತವೆ. ಮುಂದಿನಿಂದ ನುಗ್ಗುವ ಗಾಳಿ ಇವುಗಳಲ್ಲಿ ಪ್ರತಿಯೊಂದಕ್ಕೂ ಬಡಿದು, ಸುಳಿಯಾಗಿ, ಮುಂದಿನದಕ್ಕೆ ಬಡಿಯುತ್ತದೆ. ಮುಂದೆಯೇ ಒಂದು ಚಿಕ್ಕ ಒಡ್ಡನ್ನು ಇಳಿಸಿದರೆ ಆ ಒಡ್ಡು ತಾನು ಸ್ವಲ್ಪ ಪ್ರತಿರೋಧವನ್ನು ಸೇರಿಸುತ್ತದೆ, ನಿಜ. ಆದರೆ ಅಡಿಗೆ ಹೋಗುವ ಗಾಳಿಯ ಪ್ರಮಾಣವೂ ವೇಗವೂ ತಗ್ಗಿ, ಹಿಂದಿನ ಇಷ್ಟೂ ಅಡೆತಡೆಗಳು ಅದರ ಮರೆಯಲ್ಲಿ ಉಳಿಯುತ್ತವೆ. ಕರಾವಳಿಯ ಮರಳು ದಂಡೆಯಲ್ಲಿ ಗಾಳಿಮರಗಳ ಸಾಲು ಬೆಳೆಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸಾಲು ಗಾಳಿಯ ಹೊಡೆತವನ್ನು ತಾನು ತಿಂದು, ಹಿಂದಿನ ತೋಟವನ್ನು ಉಳಿಸುತ್ತದೆ. ಚಿಕ್ಕವರಿದ್ದಾಗ ಎದುರುಗಾಳಿಯಲ್ಲಿ ಸೈಕಲ್ ತುಳಿಯಲಾರದೆ ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದೆ ಸೇರಿಕೊಂಡು ಹೋದವರಿಗೂ ಈ ಮರೆಯ ಸುಖ ಗೊತ್ತಿರುತ್ತದೆ.

ಟೈರಿನ ಎದುರಿನ ಚಿಕ್ಕ ತುಂಡುಗಳ ಕಥೆಯೂ ಇದೇ, ಆದರೆ ಇನ್ನೂ ಸ್ವಾರಸ್ಯಕರವಾದದ್ದು. ತಿರುಗುವ ಟೈರು ಗಾಳಿಯ ಪಾಲಿಗೆ ಬಹಳ ಕೆಟ್ಟ ಆಕಾರ. ಚಕ್ರಗಳು ಮತ್ತು ಅವು ಕೂಡುವ ಗೂಡುಗಳು ಸೇರಿ ಕಾರಿನ ಒಟ್ಟು ಗಾಳಿಯ ಪ್ರತಿರೋಧದಲ್ಲಿ ಸರಿಸುಮಾರು ಕಾಲುಭಾಗಕ್ಕೆ ಕಾರಣವೆಂದು ಈ ಕ್ಷೇತ್ರದವರು ಲೆಕ್ಕ ಹಾಕುತ್ತಾರೆ. ಬಂಪರಿನ ಅಡಿಗೆ ಹೊಕ್ಕ ಗಾಳಿ ನೇರವಾಗಿ ಹಿಂದಕ್ಕೆ ಹೋಗದೆ ಎರಡೂ ಬದಿಗೆ ಹರಡಿಕೊಳ್ಳುವುದರಿಂದ ಟೈರಿಗೆ ಅದು ಓರೆಯಾಗಿ ಬಡಿಯುತ್ತದೆ. ಆ ಗಾಳಿಯನ್ನು ಮೊದಲೇ ಕೆಳಕ್ಕೂ ಪಕ್ಕಕ್ಕೂ ತಿರುಗಿಸುವುದು ಡಿಫ್ಲೆಕ್ಟರಿನ ಕೆಲಸ. ಇಲ್ಲಿ ಅಳತೆಯೇ ಎಲ್ಲ. ಪಟ್ಟಿ ತುಸು ಗಿಡ್ಡವಾದರೆ ಪ್ರಯೋಜನವಿಲ್ಲ, ತುಸು ಉದ್ದವಾದರೆ ಟೈರಿನ ಮೇಲೆ ಉಳಿಸಿದ್ದಕ್ಕಿಂತ ಹೆಚ್ಚಿನದನ್ನು ತಾನೇ ಕಳೆಯುತ್ತದೆ. ಆದ್ದರಿಂದಲೇ ಒಂದೇ ಕಂಪನಿಯ ಎರಡು ಮಾದರಿಗಳಲ್ಲಿ ಇದರ ಎತ್ತರ, ಬಾಗು, ಕೂಡುವ ಸ್ಥಳ ಬೇರೆ ಬೇರೆಯಾಗಿರುತ್ತವೆ, ಮತ್ತು ಆದ್ದರಿಂದಲೇ ಬೇರೆ ಕಾರಿನ ಪಟ್ಟಿಯನ್ನು ತಂದು ಕತ್ತರಿಸಿ ಸ್ಕ್ರೂ ಹೊಡೆಯುವುದು ಜಾಣತನವಾಗುವುದಿಲ್ಲ.

ಇದರಿಂದ ಎಷ್ಟು ಲಾಭ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಏಕೆಂದರೆ ಪಟ್ಟಿಯ ಪರವಾಗಿ ಮಾತನಾಡುವವರು ಅನೇಕ ಸಲ ಉತ್ಪ್ರೇಕ್ಷೆ ಮಾಡುತ್ತಾರೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸುಮಾರು 1200 ಕಿಲೋ ತೂಕದ, ಎದುರಿನಿಂದ ನೋಡಿದರೆ 2.2 ಚದರ ಮೀಟರ್ ವಿಸ್ತೀರ್ಣದ, 0.32 ಡ್ರ್ಯಾಗ್ ಗುಣಾಂಕದ (ಆಕಾರ ಗಾಳಿಗೆ ಎಷ್ಟು ಅಡ್ಡಿ ಎಂಬುದರ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಒಂದು ಸಾಧಾರಣ ಕಾರನ್ನು ತೆಗೆದುಕೊಳ್ಳೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿ ಅದನ್ನು ಸುಮಾರು 80 ನ್ಯೂಟನ್, ಅಂದರೆ ಎಂಟು ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ, ಅದೇ ಹೊತ್ತಿಗೆ ಟೈರುಗಳ ಉರುಳುವಿಕೆಯ ಪ್ರತಿರೋಧ 130 ನ್ಯೂಟನ್ ಆಸುಪಾಸಿನಲ್ಲಿರುತ್ತದೆ. ಅಂದರೆ ಊರೊಳಗೆ ಟೈರಿನದೇ ಮೇಲುಗೈ. ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಎರಡೂ ಸಮನಾಗಿ, 100 ಕಿ.ಮೀ. ವೇಗದಲ್ಲಿ ಗಾಳಿಯ ಬಲ 320 ನ್ಯೂಟನ್ನಿಗಿಂತ ಹೆಚ್ಚಾಗುತ್ತದೆ. ಗಾಳಿಯೊಂದನ್ನೇ ಸೀಳಲು ಆಗ 9 ಕಿಲೋವಾಟ್, ಅಂದರೆ 12 ಅಶ್ವಶಕ್ತಿ ಬೇಕು. (ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಗಾಳಿ ತುಸು ತೆಳುವಾಗಿರುವುದರಿಂದ ಅಷ್ಟರಮಟ್ಟಿಗೆ ನಾವು ಅದೃಷ್ಟವಂತರು.)

ವಾಹನ ವಿನ್ಯಾಸಕಾರರು ಡ್ರ್ಯಾಗ್ ಗುಣಾಂಕದಲ್ಲಿ 0.001ರಷ್ಟನ್ನು ಒಂದು 'ಕೌಂಟ್' ಎಂದು ಕರೆದು, ಅಂಥ ಕೌಂಟುಗಳಿಗಾಗಿ ತಿಂಗಳುಗಟ್ಟಲೆ ಗಾಳಿಸುರಂಗದಲ್ಲಿ, ಅಂದರೆ ನಿಂತ ವಸ್ತುವಿನ ಮೇಲೆ ಗಾಳಿ ಬೀಸಿ ಪ್ರತಿರೋಧ ಅಳೆಯುವ ಕೋಣೆಯಲ್ಲಿ, ಕೂರುತ್ತಾರೆ. ಸರಿಯಾಗಿ ಕೂಡಿದ ಪಟ್ಟಿ ಹತ್ತು ಕೌಂಟು, ಅಂದರೆ 0.01ರಷ್ಟು ಉಳಿಸಿತೆಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಮೇಲಿನ ಕಾರಿಗೆ 100 ಕಿ.ಮೀ. ವೇಗದಲ್ಲಿ ಇದು 10 ನ್ಯೂಟನ್ ಉಳಿತಾಯ, ಒಟ್ಟು ಪ್ರತಿರೋಧದಲ್ಲಿ ನೂರಕ್ಕೆ ಎರಡರಷ್ಟು. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಹೆದ್ದಾರಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕಾಲು ಲೀಟರ್ ಪೆಟ್ರೋಲ್ ಉಳಿದೀತು. ಆ ದುಡ್ಡಿಗೆ ನಮ್ಮೂರಿನಲ್ಲಿ ಒಂದು ಬೆಣ್ಣೆದೋಸೆಯೂ ಬರುವುದಿಲ್ಲ. ಊರೊಳಗೇ ಓಡಾಡುವವರಿಗಂತೂ ಲಾಭ ಸೊನ್ನೆಯೆಂದರೂ ತಪ್ಪಲ್ಲ. ಇಲ್ಲಿಯವರೆಗೆ ಆ ಮಹನೀಯರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪುತ್ತೇನೆ.

ತಾವು ಪಟ್ಟಿ ಕಿತ್ತ ಮೇಲೂ ಮೈಲೇಜಿನಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲವೆಂದು ಅವರು ಬರೆದಿದ್ದಾರೆ. ನನಗೂ ಕಾಣಲಿಲ್ಲ. ಕಾಣದಿದ್ದುದಕ್ಕೆ ಕಾರಣ ಹುಡುಕಬೇಕೆಂದು, ಒಂದು ಭಾನುವಾರ ಬೆಳಗಿನ ಐದೂವರೆಗೆ ಮಗನನ್ನು ಎಬ್ಬಿಸಿಕೊಂಡು ಊರಾಚೆಯ ಸಪಾಟಾದ ಖಾಲಿ ರಸ್ತೆಗೆ ಹೋದೆ. ಕಾರನ್ನು 80ಕ್ಕೂ ಮೇಲೆ ಒಯ್ದು ನ್ಯೂಟ್ರಲ್‌ಗೆ ಹಾಕಿ, ವೇಗ 80ರಿಂದ 60ಕ್ಕೆ ತಾನಾಗಿ ಇಳಿಯಲು ಎಷ್ಟು ಸೆಕೆಂಡು ಬೇಕೆಂದು ಮಗ ಗಡಿಯಾರ ಹಿಡಿದು ಎಣಿಸಿದ. ಹೋಗುವಾಗ ಐದು ಸಲ, ಬರುವಾಗ ಐದು ಸಲ, ಪಟ್ಟಿಯನ್ನು ತಾತ್ಕಾಲಿಕವಾಗಿ ಟೇಪಿನಿಂದ ಅಂಟಿಸಿ ಒಮ್ಮೆ, ತೆಗೆದು ಇನ್ನೊಮ್ಮೆ. ಪ್ರತಿ ಸಲಕ್ಕೂ ಸುಮಾರು 23 ಸೆಕೆಂಡು ಬಂದಿತು, ಆದರೆ ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ಒಂದೂವರೆ ಎರಡು ಸೆಕೆಂಡು ಹೆಚ್ಚುಕಡಿಮೆ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ, ಹತ್ತು ಕೌಂಟಿನ ಉಳಿತಾಯ ಈ ಪರೀಕ್ಷೆಯಲ್ಲಿ ಅರ್ಧ ಸೆಕೆಂಡಿಗಿಂತಲೂ ಕಡಿಮೆ ವ್ಯತ್ಯಾಸವಾಗಿ ತೋರಬೇಕಾಗಿತ್ತೆಂದು ತಿಳಿಯಿತು. ಬೆಳಗಿನ ಒಂದು ಸಣ್ಣ ಗಾಳಿ, ಕಣ್ಣಿಗೆ ಕಾಣದ ಇಳಿಜಾರು, ಬೆಚ್ಚಗಾದ ಟೈರು, ಮಗನ ಆಕಳಿಕೆ, ಇವುಗಳಲ್ಲಿ ಯಾವುದೊಂದಾದರೂ ಆ ಅರ್ಧ ಸೆಕೆಂಡನ್ನು ನುಂಗಿಬಿಡುತ್ತದೆ. ಈರುಳ್ಳಿ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದರೆ ಮುಳ್ಳು ಅಲುಗುವುದಿಲ್ಲ, ಹಾಗೆಂದು ಮೂಗುತಿಗೆ ತೂಕವಿಲ್ಲವೆಂದು ಯಾವ ಅಕ್ಕಸಾಲಿಗರೂ ಒಪ್ಪಲಾರರು. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಮೈಲೇಜ್ ನೋಡುವ ನಮ್ಮೆಲ್ಲರ ವಿಧಾನ ಇದಕ್ಕಿಂತಲೂ ಒರಟು. ಇಂಥದ್ದನ್ನು ಅಳೆಯಲು ಗಾಳಿಸುರಂಗವೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 14 ಅಡಿ ಅಗಲ, 9 ಅಡಿ ಎತ್ತರದ ಅಂಥ ಸುರಂಗ ದಶಕಗಳಿಂದ ಇದೆ, ಅದನ್ನು ನೋಡಿಬಂದ ನನ್ನ ವಿದ್ಯಾರ್ಥಿಗಳು ವಾರಗಟ್ಟಲೆ ಬೇರೆ ಮಾತೇ ಆಡುತ್ತಿರಲಿಲ್ಲ.

ಆದರೆ ಪೆಟ್ರೋಲ್ ಉಳಿತಾಯವೊಂದನ್ನೇ ಹಿಡಿದು ವಾದ ಮಾಡುವವರು, ಪರವಾಗಿರಲಿ ವಿರುದ್ಧವಾಗಿರಲಿ, ಇದಕ್ಕಿಂತ ಮುಖ್ಯವಾದದ್ದನ್ನು ಬಿಟ್ಟುಬಿಡುತ್ತಾರೆ ಎಂಬುದೇ ನನ್ನ ನಿಜವಾದ ತಕರಾರು. ನಮ್ಮ ದೇಶದ ಬಿಸಿಲಿನಲ್ಲಿ ಈ ಪಟ್ಟಿಯ ಹೆಚ್ಚಿನ ಉಪಯೋಗ ಎಂಜಿನ್ನನ್ನು ತಣ್ಣಗಿಡುವುದರಲ್ಲಿದೆ. ರೇಡಿಯೇಟರಿನ ಮೂಲಕ ಗಾಳಿ ಹರಿಯಬೇಕಾದರೆ ಮುಂದಿನಿಂದ ಗಾಳಿ ನುಗ್ಗಿದರಷ್ಟೇ ಸಾಲದು, ಹಿಂದೆ ಅದು ಹೊರಬೀಳಲು ದಾರಿಯೂ ಇರಬೇಕು. ಎಂಜಿನ್ ಗೂಡಿನೊಳಗೆ ಬಂದ ಬಿಸಿಗಾಳಿ ಬಹುಪಾಲು ಕೆಳಗಿನಿಂದಲೇ ಹೊರಕ್ಕೆ ಹೋಗುತ್ತದೆ. ಒಡ್ಡಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಆ ಬಿಸಿಗಾಳಿಯನ್ನು ಅದು ಕೆಳಕ್ಕೆ ಎಳೆದುಕೊಳ್ಳುತ್ತದೆ. ಒಡ್ಡಿಲ್ಲದಿದ್ದರೆ ಅಡಿಯಲ್ಲಿ ನುಗ್ಗುವ ಗಾಳಿ ಹೊರಬೀಳುವ ಬಾಗಿಲಿಗೇ ಅಡ್ಡ ನಿಂತು, ರೇಡಿಯೇಟರಿನ ಹಿಂದೆ ಒತ್ತಡ ಹೆಚ್ಚಿಸುತ್ತದೆ. ಒಲೆಯ ಬಾಯಿಗೆ ಎಷ್ಟು ಊದಿದರೂ ಹೊಗೆ ಹೋಗುವ ಗೂಡು ಮುಚ್ಚಿದ್ದರೆ ಬೆಂಕಿ ಹತ್ತದು ಎಂಬುದು ನಮ್ಮ ಅಡುಗೆಮನೆಗಳಿಗೆ ಹಳೆಯ ಪಾಠ.

ಇದಕ್ಕೆ ಅಮೆರಿಕದ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿನ ಜನರಲ್ ಮೋಟಾರ್ಸ್ ಕಂಪನಿ 1982ರಿಂದ 1992ರವರೆಗೆ ತಯಾರಿಸಿದ ಪಾಂಟಿಯಾಕ್ ಫೈರ್‌ಬರ್ಡ್ ಕಾರಿಗೆ ಮುಖದಲ್ಲಿ ಗ್ರಿಲ್ಲೇ ಇರಲಿಲ್ಲವೆಂದರೂ ನಡೆಯುತ್ತದೆ, ಬಂಪರಿನ ಅಡಿಯಿಂದ ಗಾಳಿಯನ್ನು ಮೇಲಕ್ಕೆತ್ತಿ ರೇಡಿಯೇಟರಿಗೆ ಕೊಡುವ ಕೆಲಸವನ್ನು ಈ ಒಡ್ಡೇ ಮಾಡುತ್ತಿತ್ತು. ಅಂಥ ಕಾರುಗಳನ್ನು ಅಲ್ಲಿಯವರು ಕೆಳಗಿನಿಂದ ಉಸಿರಾಡುವ ಕಾರುಗಳೆಂದೇ ಕರೆಯುತ್ತಾರೆ. ಒಡ್ಡು ಮುರಿದುಹೋದ ಹಳೆಯ ಫೈರ್‌ಬರ್ಡ್ ಕೊಂಡವರು ರೇಡಿಯೇಟರ್, ಥರ್ಮೊಸ್ಟಾಟ್, ವಾಟರ್ ಪಂಪು ಎಲ್ಲವನ್ನೂ ಬದಲಾಯಿಸಿ, ಕೊನೆಗೆ ಒಂದು ಪ್ಲಾಸ್ಟಿಕ್ ತುಂಡಿನಿಂದ ರೋಗ ವಾಸಿಯಾದುದನ್ನು ಕಂಡಿದ್ದಾರೆ. ಈ ರೋಗಕ್ಕೆ ಒಂದು ವಿಶಿಷ್ಟ ಲಕ್ಷಣವಿದ್ದು, ನಮ್ಮ ಮೆಕ್ಯಾನಿಕ್‌ಗಳೂ ಅದನ್ನು ನೆನಪಿಟ್ಟುಕೊಂಡರೆ ಗಿರಾಕಿಯ ಹಣ ಉಳಿದೀತು: ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗಿ, ಓಡುವಾಗ ತಣ್ಣಗಾಗುವ ಕಾರಿನಲ್ಲಿ ಮೊದಲು ಫ್ಯಾನನ್ನು ನೋಡಬೇಕು. ನಿಂತಾಗ ಸರಿಯಿದ್ದು, ಹೆದ್ದಾರಿಯ ವೇಗದಲ್ಲಿ ಬಿಸಿ ತೋರಿಸುವ ಮುಳ್ಳು ಮೇಲೇರುವ ಕಾರಿನಲ್ಲಿ ರೇಡಿಯೇಟರಿನೊಳಗಿನ ಕಸವನ್ನು ಶಂಕಿಸುವುದರ ಜೊತೆಗೆ, ಬಗ್ಗಿ ಕೆಳಗಿನ ಪಟ್ಟಿ ಇದೆಯೇ ಎಂದೂ ನೋಡಬೇಕು.

ನಮ್ಮ ಇಂದಿನ ಎಲ್ಲ ಕಾರುಗಳೂ ಆ ಫೈರ್‌ಬರ್ಡಿನಷ್ಟು ಇದನ್ನೇ ನಂಬಿಕೊಂಡಿಲ್ಲ, ಹೆಚ್ಚಿನವುಗಳಿಗೆ ದೊಡ್ಡ ಗ್ರಿಲ್ಲೂ ವಿದ್ಯುತ್ ಫ್ಯಾನೂ ಇವೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೇರಿಕೊಂಡು, ಏಸಿ ಹಾಕಿಕೊಂಡು, ರಾಯಚೂರು ಕಡೆಯ ರಸ್ತೆಯಲ್ಲಿ 100ರ ವೇಗದಲ್ಲಿ ಹೋಗುವ ಚಿಕ್ಕ ಎಂಜಿನ್ನಿಗೆ ತಣಿಸುವ ಸಾಮರ್ಥ್ಯದಲ್ಲಿ ವಿನ್ಯಾಸಕಾರರು ಕೊಟ್ಟಿರುವ ಮಿಗಿಲು ಬಹಳ ದೊಡ್ಡದೇನೂ ಅಲ್ಲ. ಗ್ಯಾರೇಜುಗಳಲ್ಲಿ ಪಟ್ಟಿಯೊಂದಿಗೆ ಬಿಸಾಕುವ ಇನ್ನೊಂದು ವಸ್ತುವೆಂದರೆ ಗ್ರಿಲ್ಲಿಗೂ ಏಸಿ ಕಂಡೆನ್ಸರಿಗೂ (ಏಸಿಯ ಬಿಸಿಯನ್ನು ಹೊರಹಾಕುವ, ರೇಡಿಯೇಟರಿನ ಮುಂದಿರುವ ಜಾಲರಿ) ನಡುವೆ ಎರಡೂ ಬದಿಗೆ ನಿಲ್ಲಿಸಿರುವ ಪ್ಲಾಸ್ಟಿಕ್ ರೆಕ್ಕೆಗಳು. ಬಂಪರ್ ಬಿಚ್ಚಿ ಮತ್ತೆ ಕೂರಿಸುವಾಗ ಇವು "ಹೆಚ್ಚಾಗಿ ಉಳಿದ" ಸಾಮಾನಾಗಿ ಬೆಂಚಿನ ಮೇಲೆಯೇ ಇದ್ದುಬಿಡುತ್ತವೆ. ಕಾರು ನಿಂತಾಗ ಫ್ಯಾನ್ ಹಿಂದಕ್ಕೆ ತಳ್ಳಿದ ಬಿಸಿಗಾಳಿ ಅಡಿಯಿಂದಲೂ ಪಕ್ಕದಿಂದಲೂ ಸುತ್ತಿ ಬಂದು ಮತ್ತೆ ಅದೇ ಕಂಡೆನ್ಸರಿನೊಳಗೆ ಹೊಗುವುದನ್ನು ತಡೆಯುವುದು ಅವುಗಳ ಕೆಲಸ. ಅಪಘಾತದ ರಿಪೇರಿಯ ನಂತರ ಸಿಗ್ನಲ್ಲಿನಲ್ಲಿ ಏಸಿ ತಣ್ಣಗೆ ಬರುತ್ತಿಲ್ಲವೆಂದು ಗ್ಯಾಸ್ ತುಂಬಿಸುವವರು ಒಮ್ಮೆ ಅಲ್ಲಿಯೂ ಕಣ್ಣು ಹಾಯಿಸಬೇಕು. ಅಂಡರ್ ಕವರ್ ಕಿತ್ತವರ ಎಂಜಿನ್ನಿಗೆ ಮಳೆಗಾಲದಲ್ಲಿ ಗುಂಡಿಯ ಕೆಸರು ನೇರವಾಗಿ ಆಲ್ಟರ್ನೇಟರಿಗೂ ಬೆಲ್ಟಿಗೂ ಸಿಡಿಯುತ್ತದೆ, ಇದಕ್ಕೆ ಗಾಳಿಸುರಂಗದ ಸಾಕ್ಷಿ ಬೇಕಾಗಿಲ್ಲ.

ಮುಂಭಾಗ ಮೇಲೇಳದಂತೆ ಈ ಪಟ್ಟಿ ಹಿಡಿಯುತ್ತದೆ ಎಂಬ ಇನ್ನೊಂದು ಮಾತಿದೆ. ಅದೂ ನಿಜವೇ, ಆದರೆ ನಮ್ಮ ವೇಗಗಳಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲ. ಸಾಧಾರಣ ಕಾರಿನ ಮೂತಿಯನ್ನು 100 ಕಿ.ಮೀ. ವೇಗದಲ್ಲಿ ಗಾಳಿ ಎತ್ತುವುದು ಹತ್ತು ಕಿಲೋ ತೂಕದಷ್ಟು ಬಲದಿಂದ ಮಾತ್ರ. 200ರಲ್ಲಿ ಅದು ನಾಲ್ಕು ಪಟ್ಟಾಗುವುದರಿಂದ, ವೇಗಮಿತಿಯಿಲ್ಲದ ರಸ್ತೆಗಳಿರುವ ಜರ್ಮನಿಯಲ್ಲಿ ಇದು ಗಂಭೀರ ವಿಷಯವಾಯಿತು. ಪೋರ್ಷೆ ಕಂಪನಿ 1972ರ ಮಾದರಿಯ 911 ಎಸ್ ಕಾರಿಗೆ ಬಂಪರಿನಡಿ ಗಲ್ಲದಂಥ ಪಟ್ಟಿ ಕೂರಿಸಿದ್ದು ಇದಕ್ಕಾಗಿಯೇ. 1998ರಲ್ಲಿ ಬಂದ ಆಡಿ ಟಿಟಿ ಕಾರು ಅತಿವೇಗದಲ್ಲಿ ಹಿಂಭಾಗದ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ, ಕಂಪನಿ ಕಾರುಗಳನ್ನು ವಾಪಸು ಕರೆಸಿ ಡಿಕ್ಕಿಯ ಮೇಲೆ ಒಂದು ಚಿಕ್ಕ ಸ್ಪಾಯ್ಲರ್ ಕೂರಿಸಿ, ಸಸ್ಪೆನ್ಶನ್ನನ್ನೂ ತಿದ್ದಿಕೊಟ್ಟಿತು. ಬೆಂಗಳೂರು–ಮೈಸೂರು ಹೆದ್ದಾರಿಯ 100ರ ಮಿತಿಯನ್ನು ಪಾಲಿಸುವವರು ಇದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಕಂಪನಿಗಳು ನಮ್ಮ ಒಳಿತಿಗಾಗಿಯೇ ಇದನ್ನು ಹಾಕುತ್ತವೆಯೇ ಎಂದು ಆ ಮಹನೀಯರು ಕೇಳಿದ್ದಾರೆ. ಸಂಶಯಪಡುವುದು ತಪ್ಪಲ್ಲ. 'ಕೆಫೆ' ಎಂದು ಕರೆಯಲಾಗುವ ಸರಾಸರಿ ಇಂಧನ ದಕ್ಷತೆಯ ನಿಯಮದ ಪ್ರಕಾರ, ಒಂದು ಕಂಪನಿ ವರ್ಷದಲ್ಲಿ ಮಾರುವ ಎಲ್ಲ ಕಾರುಗಳ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡಿನ ಸರಾಸರಿಯನ್ನು ಸರ್ಕಾರ ನೋಡುತ್ತದೆ. 2017–18ರಿಂದ ಆ ಮಿತಿ ಕಿಲೋಮೀಟರಿಗೆ ಸುಮಾರು 130 ಗ್ರಾಂ ಇದ್ದು, 2022–23ರಿಂದ 113 ಗ್ರಾಂ ಆಸುಪಾಸಿಗೆ ಇಳಿಯಿತು. ಒಬ್ಬ ಮಾಲೀಕನಿಗೆ ಬೆಣ್ಣೆದೋಸೆಯ ಬೆಲೆಯೂ ಆಗದ ಉಳಿತಾಯ, ಲಕ್ಷಗಟ್ಟಲೆ ಕಾರು ಮಾರುವವರಿಗೆ ದಂಡ ತಪ್ಪಿಸುವ ಉಪಾಯವಾಗಬಹುದು. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸುವ ನಮ್ಮ ಪರೀಕ್ಷೆಯಲ್ಲಿ ಗಾಳಿಯೇ ಬೀಸುವುದಿಲ್ಲವಲ್ಲ ಎಂದು ಕೆಲವರು ನಗುವುದುಂಟು. ಆದರೆ ಆ ರೋಲರುಗಳಿಗೆ ಕೊಡುವ ಭಾರವನ್ನು ರಸ್ತೆಯ ಮೇಲೆ ನ್ಯೂಟ್ರಲ್‌ನಲ್ಲಿ ಬಿಟ್ಟು ಅಳೆದ ಪ್ರತಿರೋಧದಿಂದಲೇ ನಿಗದಿ ಮಾಡುತ್ತಾರೆ, ನಾನು ಮಗನೊಂದಿಗೆ ಮಾಡಿದ ಪರೀಕ್ಷೆಯ ಶಿಸ್ತುಬದ್ಧ ರೂಪ ಅದು. ಆ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಮಾತ್ರವಾದ್ದರಿಂದ, ಪಟ್ಟಿಯ ಲಾಭ ಹೆದ್ದಾರಿಯಲ್ಲಿ ಇನ್ನೂ ಹೆಚ್ಚಾಗಿಯೇ ಸಿಗುತ್ತದೆ. ಕಂಪನಿಯ ಸ್ವಾರ್ಥವೂ ನಮ್ಮ ಲಾಭವೂ ಒಂದೇ ದಿಕ್ಕಿನಲ್ಲಿ ಹೋಗುವುದು ಅಪರೂಪ. ಇಲ್ಲಿ ಹೋಗುತ್ತಿವೆ, ಹೋಗಲಿ ಬಿಡಿ.

ಇಷ್ಟು ಹೇಳಿದ ಮೇಲೆ, ಎಲ್ಲರೂ ಎಲ್ಲ ಕಾಲಕ್ಕೂ ಇದನ್ನು ಇಟ್ಟುಕೊಳ್ಳಲೇಬೇಕೆಂದು ನಾನು ವಾದಿಸುವುದಿಲ್ಲ. ಮೂಡಿಗೆರೆ ಕಡೆಯ ಕಾಫಿ ತೋಟದ ಕಚ್ಚಾ ದಾರಿಯಲ್ಲಿ ದಿನವೂ ಇಳಿದು ಹತ್ತುವವರಿಗೆ, ಮೂತಿ ನೆಲಕ್ಕೆ ತಾಗದಿರುವುದು ಹತ್ತು ಕೌಂಟಿಗಿಂತ ದೊಡ್ಡದು. ಜೀಪ್ ಕಂಪನಿಯವರು ತಮ್ಮ ಗ್ರ್ಯಾಂಡ್ ಚೆರೋಕಿಯ ಮುಂಭಾಗದ ಕೆಳ ತುಂಡನ್ನು ಒರಟು ದಾರಿಗೆ ಹೋಗುವಾಗ ತೆಗೆದಿಡಬಹುದಾದಂತೆ ಮಾಡಿದ್ದುಂಟು. ಅಮೆರಿಕದ ರ‍್ಯಾಮ್ 1500 ಪಿಕಪ್ಪಿನ 2019ರ ಮಾದರಿಯಲ್ಲಂತೂ ಈ ಒಡ್ಡು ತಾನಾಗಿಯೇ ಏರಿಳಿಯುತ್ತದೆ. ವೇಗ ಗಂಟೆಗೆ 35 ಮೈಲಿ, ಅಂದರೆ 56 ಕಿ.ಮೀ. ದಾಟಿದಾಗ ಅದು ಎರಡೂವರೆ ಅಂಗುಲ ಕೆಳಗಿಳಿಯುತ್ತದೆ, ವೇಗ ತಗ್ಗಿದಾಗ ಮೇಲಕ್ಕೆ ಸರಿಯುತ್ತದೆ. ಗಾಳಿಯ ಪ್ರತಿರೋಧ ಟೈರಿನ ಪ್ರತಿರೋಧವನ್ನು ಹಿಂದಿಕ್ಕುವ ವೇಗದ ಬಗ್ಗೆ ಮೇಲೆ ಹಾಕಿದ ಲೆಕ್ಕವನ್ನು ಓದುಗರು ನೆನಪಿಸಿಕೊಂಡರೆ, ಆ 56ರ ಗಡಿ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬರೀ ಶೋಕ್ಕೆ ಇರುವ ವಸ್ತುವಿಗೆ ಯಾರೂ ಮೋಟರು ಜೋಡಿಸಿ ದುಡ್ಡು ಸುರಿಯುವುದಿಲ್ಲ.

ಉಜ್ಜುವ ಸದ್ದಿನ ಬಗ್ಗೆಯೂ ಒಂದು ಮಾತು. ಪಟ್ಟಿಯನ್ನು ಮೆತ್ತಗಿನ ರಬ್ಬರಿನಂಥ ವಸ್ತುವಿನಿಂದ ಮಾಡುವುದೇ ಅದು ಉಜ್ಜಿ, ಬಾಗಿ, ಮತ್ತೆ ನೆಟ್ಟಗಾಗಲಿ ಎಂದು. ಸದ್ದು ಬಂದ ಮಾತ್ರಕ್ಕೆ ಕಾರಿಗೆ ಪೆಟ್ಟಾಯಿತೆಂದು ತಿಳಿಯಬೇಕಾಗಿಲ್ಲ. ಹಾಗಾದರೆ ನನ್ನದು ಹರಿದದ್ದೇಕೆ ಎಂದು ಕೇಳಬಹುದು. ಆ ಹಳ್ಳಿಯ ಹಂಪ್ಸ್ ಅನ್ನು ಆಮೇಲೆ ಹೋಗಿ ಅಳೆದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬಹುದಾದ ಉಬ್ಬು 3.7 ಮೀಟರ್ ಅಗಲವಾಗಿ, ನಡುವೆ 10 ಸೆಂಟಿಮೀಟರ್ ಎತ್ತರವಾಗಿ, ನಿಧಾನವಾಗಿ ಏರಿ ಇಳಿಯಬೇಕು. ಅಲ್ಲಿದ್ದದ್ದು ಒಂದು ಮೀಟರಿಗೂ ಕಡಿಮೆ ಅಗಲದಲ್ಲಿ 17 ಸೆಂಟಿಮೀಟರ್ ಎತ್ತರಕ್ಕೆ ಸಿಮೆಂಟು ಸುರಿದು ಮಾಡಿದ ಗೋಡೆ. ಅದಕ್ಕೆ ಬಿಳಿ ಪಟ್ಟೆಯಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಮಕ್ಕಳು ರಸ್ತೆ ದಾಟುವ ಜಾಗದಲ್ಲಿ ವೇಗ ತಗ್ಗಿಸಬೇಕೆಂಬ ಆ ಊರಿನವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಅಂಥ ಗೋಡೆ ಕಾರಿನ ಪಟ್ಟಿಯೊಂದನ್ನೇ ಕೀಳುವುದಿಲ್ಲ, ರಾತ್ರಿ ಹೊತ್ತು ಬೈಕಿನವರನ್ನೂ ಕೆಡವುತ್ತದೆ. ಇಲ್ಲಿ ಕಿತ್ತುಹಾಕಬೇಕಾದದ್ದು ಯಾವುದೆಂದು ಲೋಕೋಪಯೋಗಿ ಇಲಾಖೆ ಯೋಚಿಸಬೇಕು.

ವಾಹನ ತಯಾರಕರಲ್ಲಿ ನನ್ನ ಕೋರಿಕೆ ಚಿಕ್ಕದು. ಕೈಪಿಡಿಯಲ್ಲಿ ಈ ಭಾಗದ ಚಿತ್ರವೊಂದನ್ನೂ, ಅದರ ಕೆಲಸವನ್ನು ತಿಳಿಸುವ ಎರಡು ಸಾಲನ್ನೂ ಕನ್ನಡವೂ ಸೇರಿದಂತೆ ಗಿರಾಕಿಗಳ ಭಾಷೆಯಲ್ಲಿ ಕೊಡಲಿ, ಮತ್ತು ಈ ಪಟ್ಟಿಯನ್ನು ಇಡೀ ಬಂಪರಿನೊಂದಿಗೆ ಕೊಳ್ಳಬೇಕಾಗದಂತೆ ಬಿಡಿಯಾಗಿ ಮಾರಲಿ. ನನ್ನ ಕಾರಿನ ಪಟ್ಟಿ ಬಿಡಿಯಾಗಿ ಸಿಗುತ್ತದೆಂದು ತಿಳಿದದ್ದೇ ಮೂರನೆಯ ಸಲ ಬಿಡಿಭಾಗಗಳ ಕೌಂಟರಿಗೆ ಹೋದಾಗ. ಮೊದಲೆರಡು ಸಲ "ಅದು ಬೇಡ ಸರ್, ಇಲ್ಲದಿದ್ದರೂ ನಡೆಯುತ್ತದೆ" ಎಂದು ಕಳುಹಿಸಿದ್ದರು. ಕೊನೆಗೆ ತರಿಸಿಕೊಟ್ಟ ಪಟ್ಟಿಗೆ, ಏಳು ಕ್ಲಿಪ್ಪುಗಳೂ ಸೇರಿ, ನಾನು ಕೊಟ್ಟದ್ದು ಆರುನೂರು ರೂಪಾಯಿಯ ಒಳಗೆ. ಕೂರಿಸಲು ಹಿಡಿದದ್ದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಕೆಳಗೆ ಉರುಳಿಹೋದ ಕ್ಲಿಪ್ಪನ್ನು ಹುಡುಕಲು.

ಪತ್ರ ಬರೆದ ಮಹನೀಯರು ಕಿತ್ತ ಪಟ್ಟಿಯನ್ನು ಎಸೆಯದೆ ಅಟ್ಟದ ಮೇಲೆ ಇಟ್ಟಿದ್ದರೆ, ಬಂಪರಿನ ಅಡಿಯ ತೂತುಗಳು ಇನ್ನೂ ಹಾಗೆಯೇ ಇರುತ್ತವೆ. ಹೊಸ ಕ್ಲಿಪ್ಪುಗಳನ್ನಷ್ಟೇ ಕೊಂಡರೆ ಸಾಕು. ಹಳೆಯವು ಒಮ್ಮೆ ಕಿತ್ತ ಮೇಲೆ ಹಿಡಿಯುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ದಾವಣಗೆರೆ